ಹೆಗ್ಗೋಡಿಗೆ ಬಂದ ಪಿಚ್ಚರ್‌ಗಳು

‘ಅಲ್ಲಿನ ಹಳ್ಳಿಯವರಿಗೆ ಅವೆಲ್ಲ ಅರ್ಥವಾಗುತ್ತಿದ್ದವಾ?’

ಹೆಗ್ಗೋಡಿನ ಸಿನಿಮಾ ಸುದ್ದಿ ತೆಗೆದಾಗಲೆಲ್ಲ ಬೆಂಗಳೂರಿನ ಗೆಳೆಯರು ಮೊದಲು ಕೇಳುವುದು ಇದನ್ನೇ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಕುರೊಸಾವಾ, ಐಸೆನ್‌ಸ್ಟೈನ್, ಬರ್ಗ್‌ಮನ್ ಎಂಬ ಹೆಸರುಗಳ ಪಕ್ಕದಲ್ಲಿ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಗೊಬ್ಬರಗುಂಡಿ ಬಂದು ಕೂತರೆ ಯಾರಿಗಾದರೂ ಸೋಜಿಗವೇ. ಆದರೆ ಆ ಪ್ರಶ್ನೆಯೊಳಗೆ ಇನ್ನೊಂದು ಮಾತು ಅಡಗಿದೆ. ಪೇಟೆಯವರಿಗೆ ಇವೆಲ್ಲ ತಾನಾಗಿ ಅರ್ಥವಾಗಿಬಿಡುತ್ತವೆ ಎನ್ನುವ ಮಾತು. ಅದನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಊರು. 1949ರಲ್ಲಿ ಅಲ್ಲಿನ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿಕೊಂಡರು. ಉದ್ದ ಹೆಸರು ಬಾಯಲ್ಲಿ ಸವೆದು ನೀನಾಸಮ್ ಆಯಿತು. ಕೆ.ವಿ. ಸುಬ್ಬಣ್ಣ ಅದರ ಜೀವಾಳ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಬಂದು ಅಡಿಕೆ ತೋಟ ನೋಡಿಕೊಳ್ಳುತ್ತ, ಅಕ್ಷರ ಪ್ರಕಾಶನದಿಂದ ಪುಸ್ತಕ ತರುತ್ತ, ನಾಟಕ ಆಡಿಸುತ್ತ ಇದ್ದವರು. ಎಪ್ಪತ್ತರ ದಶಕದ ಶುರುವಿನಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ನೀನಾಸಮ್ ಚಿತ್ರಸಮಾಜ ಹುಟ್ಟಿತು. ಹೊರಗಿನವರಿಗೆ ನೀನಾಸಮ್ ಎಂದರೆ ನಾಟಕ. 1980ರಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ತಿರುಗುವ ತಿರುಗಾಟ. ನನಗೆ ಮಾತ್ರ ಹೆಗ್ಗೋಡು ಎಂದಕೂಡಲೆ ಕಿವಿಗೆ ಬರುವುದು ಹದಿನಾರು ಎಂಎಂ ಪ್ರೊಜೆಕ್ಟರಿನ ಕಟಕಟ ಸದ್ದು.

ಚಿತ್ರಸಮಾಜಕ್ಕೆ ಮುಂಚೆ ನಾವು ಸಿನಿಮಾ ನೋಡದವರೇನಲ್ಲ. ಸಾಗರದ ಟಾಕೀಸಿನಲ್ಲಿ ರಾಜಕುಮಾರ್ ಪಿಚ್ಚರ್ ಬಂದರೆ ಎತ್ತಿನಗಾಡಿ ಕಟ್ಟುವ ಮನೆಗಳಿದ್ದವು. ಮಾರಿಕಾಂಬೆ ಜಾತ್ರೆಯ ಹೊತ್ತಿಗೆ ಟೆಂಟು ಸಿನಿಮಾವೂ ಬರುತ್ತಿತ್ತು. ಪಿಚ್ಚರ್ ನೋಡಿ ಬಂದವರು ಪಾಸೋ ಫೇಲೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಮಲಗುತ್ತಿದ್ದರು. ‘ಚಲೋ ಇತ್ತು’, ‘ಅಷ್ಟಕ್ಕಷ್ಟೇ.’ ಹೆಗ್ಗೋಡಿನ ಪಿಚ್ಚರ್‌ಗಳು ಕೆಡಿಸಿದ್ದು ಈ ಒಂದೇ ಮಾತಿನ ತೀರ್ಪಿನ ಅಭ್ಯಾಸವನ್ನು.

ಕಾರಣ ಒಂದು ರೀತಿಯಲ್ಲಿ ಯಂತ್ರದ್ದೇ. ಅಲ್ಲಿ ಒಂದೇ ಪ್ರೊಜೆಕ್ಟರು ಓಡುತ್ತಿದ್ದ ದಿನಗಳನ್ನು ನೆನೆಸಿಕೊಳ್ಳಿ. ಹದಿನಾರು ಎಂಎಂನ ದೊಡ್ಡ ರೀಲು ಎಂದರೆ 1,600 ಅಡಿ; ಮುಕ್ಕಾಲು ಗಂಟೆ ತುಂಬುವ ಮೊದಲೇ ಮುಗಿಯುತ್ತದೆ. ಮುಗಿದ ಕೂಡಲೆ ದೀಪ. ಪ್ರೊಜೆಕ್ಟರ್ ನಡೆಸುವವರು ಖಾಲಿ ಚಕ್ರವನ್ನು ಹಿಂದಕ್ಕೆ ಹಾಕಿ, ಡಬ್ಬಿಯಿಂದ ಮುಂದಿನ ರೀಲು ತೆಗೆದು, ಫಿಲ್ಮಿನ ತುದಿಯನ್ನು ಗಾಲಿಗಳ ನಡುವೆ ತೂರಿಸಿ, ಗೇಟಿನ ಮೇಲೂ ಕೆಳಗೂ ಬೆರಳಳತೆಯ ಲೂಪು ಬಿಟ್ಟು ಮುಚ್ಚಬೇಕು. ಲೂಪು ಸರಿಯಾಗಿ ಕೂರದಿದ್ದರೆ ತೆರೆಯ ಮೇಲೆ ಚಿತ್ರ ಕುಣಿಯುತ್ತದೆ; ಮತ್ತೆ ನಿಲ್ಲಿಸಿ, ಮತ್ತೆ ದೀಪ ಹಾಕಬೇಕು. ಹಳೆಯ ಪ್ರಿಂಟುಗಳು ಅಲ್ಲಲ್ಲಿ ಕಿತ್ತು ಅಂಟಿಸಿದಂಥವು, ಆ ಅಂಟು ಬಂದಾಗಲೆಲ್ಲ ಒಂದು ಸಣ್ಣ ಜಿಗಿತ. ಇದರ ಮೇಲೆ ಕರೆಂಟು ಬೇರೆ. ಪಕ್ಕದಲ್ಲೇ ಜೋಗ, ಲಿಂಗನಮಕ್ಕಿ. ನಾಡಿಗೆಲ್ಲ ಬೆಳಕು ಹೋಗುವುದು ನಮ್ಮ ನೀರಿನಿಂದ. ನಮ್ಮಲ್ಲಿ ಮಾತ್ರ ಬಲ್ಬು ಕೆಂಪಗೆ ಉರಿಯುತ್ತಿತ್ತು.

ರೀಲು ಬದಲಾಯಿಸುವ ಆ ಐದು ಹತ್ತು ನಿಮಿಷ ಏನು ಮಾಡುವುದು? ಗಂಡಸರು ಕವಳ ಹಾಕುತ್ತಿದ್ದರು. ಕವಳ ಹಾಕಿದ ಮೇಲೆ ಮಾತು ಬಾರದೆ ಇರುತ್ತದೆಯೇ? ಅಲ್ಲಿಯವರೆಗೆ ನೋಡಿದ್ದು ಏನು, ಮುಂದೆ ಏನಾಗಬಹುದು, ಆ ಹೆಂಗಸು ಹಾಗೇಕೆ ಮಾಡಿದಳು ಎಂದು ಬೆಂಚಿನಿಂದ ಬೆಂಚಿಗೆ ಮಾತು ಹರಡುತ್ತಿತ್ತು. ಈಗ ಸಿನಿಮಾ ರಸಗ್ರಹಣದ ಪಾಠ ಹೇಳುವವರು ‘ನೋಡಿದ್ದನ್ನು ನಡುವೆ ನಿಲ್ಲಿಸಿ ಯೋಚಿಸಿ’ ಎನ್ನುತ್ತಾರೆ. ನಮಗೆ ಅದನ್ನು ಕಲಿಸಿದ್ದು ಒಂಟಿ ಪ್ರೊಜೆಕ್ಟರು.

ಇನ್ನೊಂದು ಸಂಗತಿ ಹೊಸಬರಿಗೆ ವಿಚಿತ್ರವಾಗಿ ಕಾಣಬಹುದು. ಪಿಚ್ಚರ್ ಶುರುವಾಗುವ ಮೊದಲು ಯಾರಾದರೂ ಎದ್ದು ನಿಂತು ಕನ್ನಡದಲ್ಲಿ ಕಥೆಯನ್ನು ಹೇಳಿಬಿಡುತ್ತಿದ್ದರು. ಪೂರ್ತಿ ಕಥೆ, ಕೊನೆಯನ್ನೂ ಸೇರಿಸಿ. ಬಂಗಾಳಿಯೋ ಜಪಾನಿಯೋ ಇಟಾಲಿಯನ್ನೋ ಆದ ಮಾತು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ. ಓದಲು ಬರುವವರು ಎಷ್ಟು ಜನ? ಈಗಿನ ಹುಡುಗರಾಗಿದ್ದರೆ ಕೊನೆ ಹೇಳಿದವರ ಮೇಲೆ ಜಗಳಕ್ಕೇ ಹೋಗುತ್ತಿದ್ದರು. ನಮ್ಮವರಿಗೆ ಅದು ತೊಂದರೆ ಎಂದೇ ಅನ್ನಿಸಲಿಲ್ಲ. ಯಕ್ಷಗಾನಕ್ಕೆ ಹೋಗುವವನಿಗೆ ಕೀಚಕ ಸಾಯುತ್ತಾನೆ ಎಂದು ಗೊತ್ತಿಲ್ಲವೇ? ಗೊತ್ತಿದ್ದೇ ಬೆಳಗಿನತನಕ ಕೂರುತ್ತಾನೆ. ಇವತ್ತಿನ ಕೀಚಕ ಹೇಗೆ ಸಾಯುತ್ತಾನೆ, ಭಾಗವತರು ಎಲ್ಲಿ ಎಳೆಯುತ್ತಾರೆ, ಅವನಿಗೆ ಬೇಕಾದ್ದು ಅದು. ಹಾಗಾಗಿ ‘ಏನಾಗುತ್ತದೆ’ ಎಂಬ ಚಿಂತೆಯನ್ನು ಬಾಗಿಲಲ್ಲೇ ಇಳಿಸಿ ‘ಹೇಗೆ ಆಗುತ್ತದೆ’ ಎಂದು ನೋಡುವುದಕ್ಕೆ ನಮ್ಮ ಕಡೆಯವರಿಗೆ ಯಾರೂ ತರಬೇತಿ ಕೊಡಬೇಕಾಗಿರಲಿಲ್ಲ. ತಾಳಮದ್ದಲೆ ಕೇಳಿ ಬೆಳೆದವರಿಗಂತೂ ಒಂದೇ ಪಾತ್ರವನ್ನು ಇಬ್ಬರು ಅರ್ಥಧಾರಿಗಳು ಎರಡು ಬಗೆಯಾಗಿ ಸಮರ್ಥಿಸುವುದು ದಿನನಿತ್ಯದ ಸಂಗತಿ. ಸುಬ್ಬಣ್ಣನವರಿಗೆ ಈ ನಾಡಿ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಇಲ್ಲದಿದ್ದರೆ ಇಂಥ ಊರಿಗೆ ಇಂಥ ಪಿಚ್ಚರ್ ತರಿಸುವ ಧೈರ್ಯ ಬರುವುದಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ, ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಮನೆಯವರೆಲ್ಲ ಸೇರಿ ‘ಪಥೇರ್ ಪಾಂಚಾಲಿ’ಗೆ ಹೋದೆವು. 1955ರ ಸಿನಿಮಾ, ಸತ್ಯಜಿತ್ ರಾಯ್ ಎಂಬವರದ್ದು, ಇದಕ್ಕೆ ವಿದೇಶದಲ್ಲೆಲ್ಲ ಹೆಸರು ಬಂದಿದೆ ಎಂದು ಮೊದಲು ಹೇಳಿದ್ದರು. ಅದು ಯಾರ ತಲೆಗೂ ಹೋಗಿರಲಿಲ್ಲ. ತಲೆಗೆ ಹೋದದ್ದು ಮಳೆ. ಮಳೆಗಾಲ ಕಾಲಿಡುವ ಮುಂಚೆ ಕೆರೆಯ ನೀರಿನ ಮೇಲೆ ಓಡಾಡುವ ಹುಳುಗಳು, ಗಾಳಿಗೆ ಮಗುಚುವ ತಾವರೆ ಎಲೆ, ಗಾಳ ಹಾಕಿ ಕೂತ ಬೋಳುತಲೆಯವನ ನೆತ್ತಿಯ ಮೇಲೆ ಬೀಳುವ ಮೊದಲ ಹನಿ. ಇಡೀ ಸಭೆ ನಕ್ಕಿತು. ಮೃಗಶಿರಾ ಮಳೆಗೆ ಕಾಯುತ್ತ ಆಕಾಶ ನೋಡುವ ಜನಕ್ಕೆ ಆ ಹನಿಯನ್ನು ಯಾರು ಬಿಡಿಸಿ ಹೇಳಬೇಕು?

ಆ ಸಿನಿಮಾದಲ್ಲಿ ಇಂದಿರ್ ಠಾಕ್ರುಣ್ ಎಂಬ ಹಣ್ಣುಮುದುಕಿಯೊಬ್ಬಳಿದ್ದಾಳೆ. ಚುನೀಬಾಲಾ ದೇವಿ ಎಂಬಾಕೆ ಮಾಡಿದ ಪಾತ್ರ. ವಿಧವೆ, ದಿಕ್ಕಿಲ್ಲದವಳು. ಮನೆಯೊಡತಿ ಸರ್ಬಜಯಾಳಿಂದ ಬೈಸಿಕೊಂಡು ಹೋಗಿ, ಮತ್ತೆ ಬರುತ್ತಾಳೆ. ಕೊನೆಯ ಸಲ ಬಂದಾಗ ಮೈಯಲ್ಲಿ ಹುಷಾರಿಲ್ಲ. ಕುಡಿಯಲು ನೀರು ಕೇಳಿದರೆ ಸರ್ಬಜಯಾ ಕೂತಲ್ಲಿಂದ ಏಳುವುದಿಲ್ಲ, ಬೇಕಿದ್ದರೆ ತೆಗೆದುಕೊ ಎನ್ನುತ್ತಾಳೆ. ಮುದುಕಿ ತಾನೇ ತೆಗೆದುಕೊಂಡು ಕುಡಿದು, ಉಳಿದ ನೀರನ್ನು ಅಂಗಳದ ಒಂದು ಸಣ್ಣ ಗಿಡಕ್ಕೆ ಹಾಕಿ, ಹೊರಟುಬಿಡುತ್ತಾಳೆ. ಮುಂದೆ ಮಕ್ಕಳಿಗೆ ಅವಳು ಸಿಗುವುದು ಬಿದಿರುಮೆಳೆಯಲ್ಲಿ, ಹೆಣವಾಗಿ.

ಸೂಡಿ ಹಿಡಿದುಕೊಂಡು ಮನೆಗೆ ನಡೆಯುವಾಗ ನಮ್ಮ ದೊಡ್ಡಮ್ಮ ಸರ್ಬಜಯಾಳನ್ನು ತರಾಟೆಗೆ ತೆಗೆದುಕೊಂಡಳು. ‘ಒಂದು ಲೋಟ ನೀರು ಕೊಡಲಿಕ್ಕೆ ಎಂತ ಧಾಡಿಯೇ ಅವಳಿಗೆ?’ ನಮ್ಮ ಅಮ್ಮ ಅಕ್ಕನ ಮಾತಿಗೆ ಎದುರಾಡುವವಳಲ್ಲ. ಅವತ್ತು ಮಾತ್ರ, ‘ಅಕ್ಕಾ, ಒಲೆ ಮೇಲೆ ಇಡಲಿಕ್ಕೆ ಅಕ್ಕಿ ಇಲ್ಲ. ಅವಳ ಮನಸ್ಸಿನಲ್ಲೂ ನೀರು ಬತ್ತಿಹೋಗಿರುತ್ತದೆ’ ಅಂದಳು. ದೊಡ್ಡಮ್ಮ ಸುಮ್ಮನಾಗಲಿಲ್ಲ. ‘ಮುದುಕಿಯ ಹತ್ತಿರ ಏನಿತ್ತು? ಅವಳು ಗಿಡಕ್ಕೆ ನೀರು ಹಾಕಲಿಲ್ಲವಾ?’ ನಾನು ಆ ಗಿಡವನ್ನು ಗಮನಿಸಿಯೇ ಇರಲಿಲ್ಲ. ಮುಂದೆ ಕಾಲೇಜಿಗೆ ಹೋಗಿ ಸಿನಿಮಾ ಕುರಿತ ಪುಸ್ತಕಗಳಲ್ಲಿ ಆ ಗಿಡದ ಪ್ರಸ್ತಾಪ ಬಂದಾಗಲೆಲ್ಲ ನನಗೆ ಕಾಣುವುದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ದೊಡ್ಡಮ್ಮ.

ಜಪಾನಿನ ಕುರೊಸಾವಾರ ‘ರಾಶೊಮನ್’ ಬಂದಾಗಿನ ಸುದ್ದಿ ಬೇರೆಯೇ. ಅದನ್ನು ತಿಳಿಯಲು ಆ ಕಾಲದ ಮಲೆನಾಡು ಗೊತ್ತಿರಬೇಕು. 1974ರ ಮಾರ್ಚ್‌ನಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಬಿಸಿ ಇನ್ನೂ ಆರಿರಲಿಲ್ಲ. ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಷನ್ ಹಾಕಿದ್ದರು. ಭೂನ್ಯಾಯ ಮಂಡಳಿಯ ಮುಂದೆ ಒಡೆಯ ಒಂದು ಕಥೆ ಹೇಳಿದರೆ ಗೇಣಿದಾರ ಇನ್ನೊಂದು ಹೇಳುತ್ತಿದ್ದ; ಸಾಕ್ಷಿಗೆ ಬಂದ ನೆರೆಯವನದ್ದು ಮೂರನೆಯದು. ಕಾಗೋಡು ನಮಗೆ ದೂರವಲ್ಲ. ಅಲ್ಲಿನ ಗೇಣಿದಾರರ 1951ರ ಸತ್ಯಾಗ್ರಹವನ್ನು ಕಣ್ಣಾರೆ ಕಂಡವರೇ ಸಭೆಯಲ್ಲಿದ್ದರು. ಅದು ಸಾಲದು ಎಂಬಂತೆ ಸೊಪ್ಪಿನ ಬೆಟ್ಟದ ಗಡಿ, ತೋಟದ ಕಾದಿಗೆ ನೀರು ಹರಿಯುವ ದಾರಿ ಎಂದು ಸಾಗರದ ಕೋರ್ಟಿಗೆ ವರ್ಷಗಟ್ಟಲೆ ಅಲೆಯುವವರು ಪ್ರತಿ ಊರಿನಲ್ಲೂ ಇದ್ದರು. ಇಂಥವರ ಮುಂದೆ ತೆರೆಯ ಮೇಲೆ ಕಾಡಿನಲ್ಲೊಂದು ಕೊಲೆಯಾಯಿತು. ಕಳ್ಳ ಒಂದು ಹೇಳಿದ, ಹೆಂಡತಿ ಒಂದು ಹೇಳಿದಳು, ಸತ್ತವನೇ ಬಂದು ಮತ್ತೊಂದು ಹೇಳಿದ.

ಸತ್ತವನು ಸಾಕ್ಷಿ ಹೇಳುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಆ ದೃಶ್ಯದಲ್ಲಿ ಒಬ್ಬ ಹೆಂಗಸಿನ ಮೈಮೇಲೆ ಸತ್ತವನು ಬರುತ್ತಾನೆ. ಬಾಯಿ ಅವಳದ್ದು, ದನಿ ಗಂಡಸಿನದ್ದು. ಪಾತ್ರಿಯ ಮೈಮೇಲೆ ಭೂತ ಬಂದು ಕಳುವಿನ ಪತ್ತೆ ಹೇಳುವುದನ್ನು ನೋಡಿದ ಜನಕ್ಕೆ ಅದರಲ್ಲಿ ತೊಡಕೇನೂ ಕಾಣಲಿಲ್ಲ. ಆಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಅದೇ ದೃಶ್ಯಕ್ಕೆ ಅಕ್ಕಪಕ್ಕದ ಕಾಲೇಜು ಹುಡುಗರು ಕಿಸಕ್ಕನೆ ನಕ್ಕಿದ್ದನ್ನು ಕಂಡಿದ್ದೇನೆ.

ಹೆಗ್ಗೋಡಿನಲ್ಲಿ ಪಿಚ್ಚರ್ ಮುಗಿದ ಮೇಲಿನ ಮಾತುಕತೆಯಲ್ಲಿ, ನಮ್ಮೂರಿನ ಗೇಣಿದಾರರಲ್ಲಿ ಒಬ್ಬರು, ಅಲ್ಲಿಯವರೆಗೆ ತುಟಿ ಬಿಚ್ಚದವರು, ಎದ್ದು ನಿಂತು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ‘ಕೊನೆಗೆ ಸತ್ಯ ಹೇಳ್ತೇನೆ ಅಂತ ಬಂದ ಸೌದೆ ಕಡಿಯುವವನೂ ಆ ಚೂರಿ ಕದ್ದಿದ್ದ. ನಮ್ಮ ಟ್ರಿಬ್ಯೂನಲ್ಲಿನಲ್ಲೂ ಹಾಗೇ. ಸಾಕ್ಷಿ ಹೇಳುವವನ ಕೈಯಲ್ಲಿ ಎಂತ ಇದೆ ಅಂತ ಮೊದಲು ನೋಡಬೇಕು.’ ಅವರ ಒಡೆಯರು ಎರಡು ಬೆಂಚು ಮುಂದೆ ಕೂತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ಕೇಳಿಸಿತ್ತು.

ಇದನ್ನು ಬರೆಯುವಾಗ ಒಂದು ಎಚ್ಚರ ಬೇಕು. ಹಳ್ಳಿಯ ಜನ ಎಂದರೆ ಎಲ್ಲರೂ ಇಂಥ ಸೂಕ್ಷ್ಮಮತಿಗಳು ಎಂದು ಹೊಗಳುವುದೂ ‘ಅರ್ಥವಾಗುತ್ತಿತ್ತಾ’ ಎಂದು ಕೇಳುವುದರ ಇನ್ನೊಂದು ಮಗ್ಗುಲೇ. ಗೊರಕೆ ಹೊಡೆದವರಿದ್ದರು, ಮೊದಲ ರೀಲಿಗೇ ಎದ್ದು ಹೋದವರಿದ್ದರು. ಬರ್ಗ್‌ಮನ್ನನ ‘ವೈಲ್ಡ್ ಸ್ಟ್ರಾಬೆರೀಸ್’ನಲ್ಲಿ ಮುಳ್ಳಿಲ್ಲದ ಗಡಿಯಾರ ಬಂದಾಗ ನಮ್ಮ ಅಪ್ಪಯ್ಯನೇ ‘ನನ್ನ ಗಡಿಯಾರಕ್ಕೆ ಮುಳ್ಳಿದೆ, ಹನ್ನೊಂದಾಯಿತು’ ಎಂದು ಎದ್ದು ಹೊರಟಿದ್ದರು. ನಮ್ಮೂರಿನಿಂದ ಹೋಗುತ್ತಿದ್ದವರಲ್ಲಿ ತೋಟವಿದ್ದ ಮನೆಯವರೇ ಹೆಚ್ಚು. ಆ ತೋಟದಲ್ಲಿ ದುಡಿದು ದಣಿದವರು ಬರುವುದು ಕಡಿಮೆ; ಬಂದರೂ ಹಿಂದಿನ ಸಾಲು. ಹೆಂಗಸರು ಅಡುಗೆ, ಕೊಟ್ಟಿಗೆ ಮುಗಿಸಿ ಬರುವಷ್ಟರಲ್ಲಿ ಅರ್ಧ ರೀಲು ಓಡಿರುತ್ತಿತ್ತು. ಒಂದು ಸಂಸ್ಥೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಊರಿನ ಮೇಲುಕೀಳು ಹೊರಗೆ ಚಪ್ಪಲಿ ಬಿಟ್ಟು ಒಳಬರುವುದಿಲ್ಲ. ಆದರೂ ಆ ಗೇಣಿದಾರರು ಎದ್ದು ಮಾತಾಡಿದ್ದು ಅಲ್ಲೇ. ನಮ್ಮೂರ ದೇವಸ್ಥಾನದ ಅಂಗಳದಲ್ಲಿ ಅವರು ಹಾಗೆ ಮಾತಾಡಿದ್ದನ್ನು ನಾನು ಕಂಡಿಲ್ಲ.

ಪಿಚ್ಚರ್‌ಗಳು ಸಭಾಂಗಣದಲ್ಲೇ ಮುಗಿಯುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಗ್ಯಾಸ್‌ಲೈಟು ಹಚ್ಚಿಕೊಂಡು ಅಡಿಕೆ ಸುಲಿಯಲು ಜನ ಸೇರುತ್ತಾರಲ್ಲ, ಅಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ‘ಬೈಸಿಕಲ್ ಥೀವ್ಸ್’ ಕುರಿತು ನಡೆದ ಚರ್ಚೆಯನ್ನು ನಾನು ಮರೆಯಲಾರೆ. ಡಿ ಸಿಕಾ 1948ರಲ್ಲಿ ತೆಗೆದ ಸಿನಿಮಾ. ಯುದ್ಧ ಮುಗಿದ ರೋಮ್ ಪಟ್ಟಣ. ಗೋಡೆಗೆ ಪೋಸ್ಟರ್ ಹಚ್ಚುವ ಕೆಲಸ ಸಿಗಬೇಕಾದರೆ ಸೈಕಲ್ಲು ಬೇಕು, ಸೈಕಲ್ಲು ಅಡವಿನಲ್ಲಿದೆ. ಹೆಂಡತಿ ಹಾಸಿಗೆಯ ಮೇಲಿನ ಬಟ್ಟೆಗಳನ್ನೇ ಕಿತ್ತು ಗಂಟುಕಟ್ಟಿ ಅಡವಿಟ್ಟು ಅದನ್ನು ಬಿಡಿಸಿಕೊಡುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತು ಕಪಾಟಿನ ಮೇಲೆ ಮೇಲೆ ಹತ್ತುತ್ತಾನೆ. ಅಲ್ಲಿ ಅಂಥದೇ ಗಂಟುಗಳು ಸೂರಿನವರೆಗೆ. ಕೆಲಸದ ಮೊದಲ ದಿನವೇ ಸೈಕಲ್ಲು ಕಳುವಾಗುತ್ತದೆ. ಹುಡುಕಿ ಹುಡುಕಿ ಸೋತ ಅಪ್ಪ ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ಲಿಗೆ ಕೈಹಾಕಿ, ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಅಪ್ಪನ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕೆಲಸಗಾರ.

ಸುಲಿಯುವವರ ನಡುವೆ ಚರ್ಚೆ ನಿಂತದ್ದು ಕಳ್ಳತನದ ಮೇಲಲ್ಲ, ಆ ಕಪಾಟಿನ ಮೇಲೆ. ‘ಅಷ್ಟು ಗಂಟು ಇತ್ತಲ್ಲ, ಅಷ್ಟೂ ಮನೆಯ ಹೆಂಗಸರು ಬರೀ ಚಾಪೆಯಲ್ಲಿ ಮಲಗಿದ್ದರು ಅಂತಲೇ ಅರ್ಥ’ ಎಂದು ಒಬ್ಬಾಕೆ ಅಂದಳು. ಆಮೇಲೆ ಯಾರ ಮನೆಯ ಬಂಗಾರ ಯಾವ ಬ್ಯಾಂಕಿನಲ್ಲಿದೆ ಎಂಬ ಲೆಕ್ಕಕ್ಕೆ ಮಾತು ಹೊರಳಿತು. ಇಟಲಿಯ ಒಂದು ಶಾಟ್ ನಮ್ಮ ಕಡೆಯ ಸಾಲದ ಪುಸ್ತಕವನ್ನು ತೆರೆಸಿತ್ತು.

ಪಿಯುಸಿ ಮುಗಿಸಿದ ಮೇಲೆ ಹೆಗ್ಗೋಡಿನ ಸಿನಿಮಾ ರಸಗ್ರಹಣ ಶಿಬಿರವೊಂದಕ್ಕೆ ಹೋದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಪಾಠ ಮಾಡುತ್ತಿದ್ದರು. ಸಿನಿಮಾ ಪಾಠಕ್ಕೆ ಬರುವ ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದವರು. ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯ ಬಿಡಿಸಿ ಕಲಿಸುವುದಕ್ಕೆ ಹೆಸರಾದವರು. ಹೆಗ್ಗೋಡಿಗೆ ಬರುತ್ತಿದ್ದ ಪ್ರಿಂಟುಗಳ ಹಿಂದೆ ಇನ್ನೊಬ್ಬರಿದ್ದರು, ಪಿ.ಕೆ. ನಾಯರ್. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಡಬ್ಬಿ ಡಬ್ಬಿಯಾಗಿ ಕಟ್ಟಿದವರು. ಸಂಗ್ರಹಾಲಯ ಎಂದರೆ ಬೀಗ ಹಾಕಿಡುವ ಉಗ್ರಾಣ ಎಂದು ಅವರು ತಿಳಿಯಲಿಲ್ಲ. ಪ್ರಿಂಟುಗಳು ಫಿಲ್ಮ್ ಸೊಸೈಟಿಗಳಿಗೆ ಹೋಗಬೇಕು, ಓಡಬೇಕು, ಗೀರಾದರೂ ಚಿಂತೆಯಿಲ್ಲ, ನೋಡುವ ಕಣ್ಣಿಗೆ ಬೀಳಬೇಕು ಎಂಬ ಜಾಯಮಾನ. ಪುಣೆಯಿಂದ ಹೆಗ್ಗೋಡಿಗೆ ತಗಡಿನ ಡಬ್ಬಿಗಳು ಬಂದದ್ದು ಆ ಜಾಯಮಾನದಿಂದ.

ಬಹಾದೂರರ ಒಂದು ಪಾಠ ಹೀಗಿತ್ತು. ‘ಪಥೇರ್ ಪಾಂಚಾಲಿ’ಯಲ್ಲಿ ಸರ್ಬಜಯಾಳ ಗಂಡ ಹರಿಹರ್ ಬಹುಕಾಲದ ಮೇಲೆ ಮನೆಗೆ ಬರುತ್ತಾನೆ. ಮಗಳು ದುರ್ಗಾ ಸತ್ತಿರುವುದು ಅವನಿಗೆ ಗೊತ್ತಿಲ್ಲ. ಅವಳಿಗೆಂದು ತಂದ ಸೀರೆ ತೆಗೆದು ಹೆಂಡತಿಯ ಕೈಗೆ ಕೊಡುತ್ತಾನೆ. ಸರ್ಬಜಯಾ ಸೀರೆಯನ್ನು ಬಾಯಲ್ಲಿ ಕಚ್ಚಿಕೊಂಡು ಕುಸಿಯುತ್ತಾಳೆ. ಆ ತುಣುಕನ್ನು ಒಮ್ಮೆ ತೋರಿಸಿ, ‘ಏನು ಕೇಳಿಸಿತು?’ ಎಂದರು. ಅರ್ಧ ಜನ ‘ತಾಯಿ ಕಿರುಚಿ ಅತ್ತಳು’ ಅಂದರು, ನಾನೂ ಅಂದೆ. ಫಿಲ್ಮು ಹಿಂದಕ್ಕೆ ಸುತ್ತಿ ಮತ್ತೆ ತೋರಿಸಿದರು. ಅಳುವಿನ ಸದ್ದೇ ಇಲ್ಲ. ಇದ್ದದ್ದು ತಾರ್ ಶಹನಾಯಿಯ ಎತ್ತರದ ಸ್ವರ ಒಂದೇ. ಮೂರನೆಯ ಸಲ ಸ್ಪೀಕರು ಬಂದ್ ಮಾಡಿ ತೋರಿಸಿದರು. ಆಗಲೂ ನಮಗೆ ಅಳು ಕೇಳಿಸುತ್ತಿತ್ತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬರು ಕನ್ನಡಕ್ಕೆ ತಿರುಗಿಸುತ್ತಿದ್ದರು. ಆ ತುಣುಕಿನ ಹೊತ್ತಿಗೆ ತಿರುಗಿಸಲು ಏನೂ ಉಳಿದಿರಲಿಲ್ಲ.

ಶಿಬಿರಕ್ಕೆ ಬಂದವರಲ್ಲಿ ಹೈಸ್ಕೂಲು ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಉತ್ತರ ಕರ್ನಾಟಕದ ನಾಟಕದ ಹುಡುಗರು, ಒಬ್ಬ ಪೋಸ್ಟ್‌ಮಾಸ್ತರು ಇದ್ದರು. ಅವರಲ್ಲಿ ಯಾರೂ ಸಿನಿಮಾ ತೆಗೆಯಲು ಹೊರಟವರಲ್ಲ. ಸಿನಿಮಾ ಶಿಕ್ಷಣ ಎಂದರೆ ನಿರ್ದೇಶಕರನ್ನು ತಯಾರಿಸುವುದು ಎಂದು ನಾವು ಸುಮ್ಮನೆ ಅಂದುಕೊಂಡಿದ್ದೇವೆ. ಒಬ್ಬ ನಿರ್ದೇಶಕನಿಗೆ ಸಾವಿರ ನೋಡುಗರು ಬೇಕು. ಅವರನ್ನು ತಯಾರಿಸುವ ಕಾಲೇಜು ಎಲ್ಲಿದೆ? ಸುಬ್ಬಣ್ಣ ಹಿಡಿದದ್ದು ಈ ಕೆಲಸವನ್ನು. ಅದೇ ಮಲೆನಾಡಿನಲ್ಲಿ ಅವರ ಸೋದರಳಿಯ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ, ಪುಣೆಯಲ್ಲಿ ಕಲಿತು ಬಂದು 1977ರಲ್ಲಿ ‘ಘಟಶ್ರಾದ್ಧ’ ಮಾಡಿ ಸ್ವರ್ಣಕಮಲ ತಂದರು. ಒಂದೇ ಸೀಮೆಯಲ್ಲಿ ಒಬ್ಬರು ಸಿನಿಮಾ ಮಾಡುವುದು, ಇನ್ನೊಬ್ಬರು ನೋಡುಗರನ್ನು ಮಾಡುವುದು ನಡೆದಿತ್ತು. ಮೊದಲನೆಯದಕ್ಕೆ ಪ್ರಶಸ್ತಿಗಳಿವೆ, ನಮ್ಮ ಚರಿತ್ರೆ ಬರೆಯುವವರು ಅದನ್ನು ಸಲೀಸಾಗಿ ಬರೆಯುತ್ತಾರೆ. ಎರಡನೆಯದು ದಾಖಲೆಗೆ ಸಿಗುವುದು ಕಷ್ಟ.

ಇಲ್ಲಿ ಪೇಟೆಯ ಫಿಲ್ಮ್ ಸೊಸೈಟಿಗಳ ಬಗ್ಗೆ ಒಂದು ಮಾತು. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತೆಯಲ್ಲಿ ಕಟ್ಟಿದ ಸೊಸೈಟಿ, ಇಂಥ ಸೊಸೈಟಿಗಳ 1959ರ ಒಕ್ಕೂಟ, ನಮ್ಮ ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರಾ, ಇವುಗಳ ಸೇವೆ ಸಣ್ಣದಲ್ಲ. ಆದರೆ ಸೊಸೈಟಿಗಳಿಗೆ ಸೆನ್ಸಾರಿನ ವಿನಾಯಿತಿ ಇತ್ತು. ಕತ್ತರಿ ಬೀಳದ ವಿದೇಶಿ ಚಿತ್ರಗಳ ಆಸೆಗೆ ಸದಸ್ಯರಾದವರ ಸಂಖ್ಯೆ ಎಲ್ಲ ಊರಿನಲ್ಲೂ ದೊಡ್ಡದಿತ್ತು. ಟಿವಿ, ವಿಡಿಯೋ ಬಂದು ಆ ಆಸೆ ಮನೆಯಲ್ಲೇ ತೀರುವಂತಾದಾಗ ಎಷ್ಟೋ ಸೊಸೈಟಿಗಳ ಕುರ್ಚಿಗಳು ಖಾಲಿಯಾದವು. ಹೆಗ್ಗೋಡಿನಲ್ಲಿ ಆ ಸೆಳೆತ ಇರಲಿಲ್ಲ. ಮಕ್ಕಳುಮರಿಯೆಲ್ಲ ಕೂತು ನೋಡುವ ಸಭೆಯಲ್ಲಿ ಅದು ಸಾಧ್ಯವೂ ಇರಲಿಲ್ಲ.

ಎಂಬತ್ತರ ದಶಕದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಜನಸ್ಪಂದನ ಎಂಬ ಯೋಜನೆ ನಡೆಯಿತು. ನಾಟಕ, ಸಿನಿಮಾ ಎರಡನ್ನೂ ಕರ್ನಾಟಕದ ಹಳ್ಳಿಗಳಿಗೆ ಒಯ್ದರು. ಅಮೆರಿಕದ ದುಡ್ಡಿನಿಂದ ಹಳ್ಳಿಗೆ ಸಿನಿಮಾ ತೋರಿಸುವುದೇ ಎಂದು ಹುಬ್ಬೇರಿಸಿದವರು ಆಗಲೂ ಇದ್ದರು. ಆ ಚರ್ಚೆ ಬೇಕಾದದ್ದೇ. ನಾನು ಕಂಡದ್ದು ಇಷ್ಟು: ಶಾಲೆಯ ಗೋಡೆಗೆ ಕಟ್ಟಿದ ಬಿಳಿ ಬಟ್ಟೆ, ಗಾಳಿಗೆ ಅದು ಉಬ್ಬಿದಾಗ ಐಸೆನ್‌ಸ್ಟೈನನ ಸಿನಿಮಾದ ಪೊಟೆಮ್ಕಿನ್ ಹಡಗೂ ಉಬ್ಬುವುದು, ಒಡೆಸ್ಸಾದ ಮೆಟ್ಟಿಲ ಮೇಲೆ ಮಗುವಿನ ಗಾಡಿ ಉರುಳುವಾಗ ಜನ ‘ಹಿಡೀರೋ’ ಎಂದು ಕೂಗಿದ್ದು. 1925ರ ಮೂಕಿಚಿತ್ರಕ್ಕೆ ಕೊನೆಗೂ ಕನ್ನಡದಲ್ಲಿ ಮಾತು ಬಂತು.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಉತ್ತಮ ಸಿನಿಮಾಗಳನ್ನೂ ಜೀವಂತ ರಂಗಭೂಮಿಯ ಬೆರಗನ್ನೂ ತಲುಪಿಸಿದವರು ಎಂದು ಬಿನ್ನವತ್ತಳೆಯಲ್ಲಿತ್ತು. ಸಿನಿಮಾದ ಮಾತು ನಾಟಕಕ್ಕಿಂತ ಮೊದಲು ಬಂದದ್ದನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 2005ರ ಜುಲೈನಲ್ಲಿ ಸುಬ್ಬಣ್ಣ ತೀರಿಕೊಂಡರು, ಬಹಾದೂರ್ 2010ರಲ್ಲಿ, ನಾಯರ್ 2016ರಲ್ಲಿ. ನಾಯರ್ ಕುರಿತು ಶಿವೇಂದ್ರ ಸಿಂಗ್ ಡುಂಗರಪುರ್ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಕಡೆಯ ರೈತರು ತಾವು ನೋಡಿದ ಪಿಚ್ಚರ್‌ಗಳನ್ನು ನೆನೆಯುವ ಭಾಗವಿದೆ. ಆ ಡಬ್ಬಿಗಳು ಬಂದುಹೋಗಿ ದಶಕಗಳಾದ ಮೇಲಿನ ಮಾತು ಅದು.

ಈಗ ಪರಿಸ್ಥಿತಿ ತಿರುಗುಮುರುಗಾಗಿದೆ. ನಮ್ಮ ಪಕ್ಕದ ಶಿರಸಿ ಕಡೆಯ ನಟೇಶ ಹೆಗಡೆ ಎಂಬ ತರುಣ ತನ್ನೂರಿನ ಜನರನ್ನೇ ಹಾಕಿಕೊಂಡು ‘ಪೆಡ್ರೊ’ ಎಂಬ ಸಿನಿಮಾ ಮಾಡಿದ. ಮುಖ್ಯ ಪಾತ್ರ ಮಾಡಿದವರು ಅವನ ಅಪ್ಪ. 2021ರಲ್ಲಿ ಅದು ದಕ್ಷಿಣ ಕೊರಿಯಾದ ಬೂಸಾನ್ ಉತ್ಸವಕ್ಕೆ ಹೋಯಿತು. ಅವನ ಎರಡನೆಯ ಸಿನಿಮಾ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ನಿಗೆ ಹೋಯಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ಕ್ಕೆ 2022ರಲ್ಲಿ ಬೂಸಾನ್‌ನಲ್ಲಿ ಪ್ರಶಸ್ತಿ ಸಿಕ್ಕಿತು. ಒಂದು ಕಾಲಕ್ಕೆ ಜಪಾನಿನ ಸಿನಿಮಾ ಸಾಗರದ ಹಳ್ಳಿಗೆ ಬರುತ್ತಿತ್ತು. ಈಗ ನಮ್ಮ ಹಳ್ಳಿಯ ಸಿನಿಮಾ ಕೊರಿಯಾಕ್ಕೆ ಹೋಗುತ್ತದೆ, ಸಾಗರಕ್ಕೆ ಬರುವುದಿಲ್ಲ. ‘ಪೆಡ್ರೊ’ ನನಗೆ ಇಲ್ಲಿ ಯಾವ ಟಾಕೀಸಿನಲ್ಲೂ ಸಿಗಲಿಲ್ಲ.

ಫೋನಿನಲ್ಲಿ ಎಲ್ಲವೂ ಸಿಗುತ್ತದೆ ಎಂದು ನನ್ನ ಮಗಳು ಹೇಳುತ್ತಾಳೆ. ‘ರಾಶೊಮನ್’ ಅವಳೂ ನೋಡಿದ್ದಾಳೆ, ಬಸ್ಸಿನಲ್ಲಿ, ಕಿವಿಗೆ ವೈರು ಹಾಕಿಕೊಂಡು. ಚೆನ್ನಾಗಿ ಅರ್ಥವಾಗಿದೆ ಕೂಡ. ಆದರೆ ಎರಡು ಬೆಂಚು ಹಿಂದೆ ಕೂತು ಚೂರಿಯ ಮಾತು ಎತ್ತುವವರು ಅವಳಿಗೆ ಸಿಕ್ಕಿಲ್ಲ.

ಇದನ್ನು ಓದುವವರಲ್ಲಿ ಊರಿನ ಯುವಕ ಸಂಘದವರು, ಸಹಕಾರಿ ಸಂಘದ ನಿರ್ದೇಶಕರು, ಕಾಲೇಜಿನ ಮೇಷ್ಟ್ರುಗಳು ಇದ್ದರೆ ಕೇಳಿಕೊಳ್ಳುವುದಿಷ್ಟೆ. ಪ್ರೊಜೆಕ್ಟರಿಗೆ ಈಗ ಲೂಪು ಬಿಡುವ ಕಷ್ಟವಿಲ್ಲ, ಡಬ್ಬಿ ಹೊರುವ ಕೆಲಸವಿಲ್ಲ. ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿರುವ ಯಂತ್ರವೇ ಸಾಕು. ‘ಪೆಡ್ರೊ’ದಂಥ ಸಿನಿಮಾ ಮಾಡಿದ ಹುಡುಗರಿಗೆ ಒಂದು ಪತ್ರ ಬರೆದು, ಕೇಳಿ ತರಿಸಿ, ಸಲ್ಲಬೇಕಾದ ದುಡ್ಡು ಕೊಟ್ಟು ತೋರಿಸಿ. ಶುರುವಿಗೆ ಒಬ್ಬರು ಎದ್ದು ಕಥೆ ಹೇಳಲಿ. ಮುಗಿದ ಮೇಲೆ ದೀಪ ಹಾಕಿ, ವಂದನಾರ್ಪಣೆ ಬಿಟ್ಟುಬಿಡಿ, ಅರ್ಧ ಗಂಟೆ ಕುರ್ಚಿ ಎತ್ತಬೇಡಿ. ಹಿಂದಿನ ಸಾಲಿನವರು ಮಾತಾಡುವವರೆಗೆ ಕಾಯಿರಿ.